ಗುಡಿಸಿಟ್ಟ ಓಣಿ

ಜೋಳದ ಹಿಟ್ಟಿನ ಗಂಜಿಗೆ ಒಂದು ವಾಸನೆಯಿದೆ. ಹಿಂದಿನ ದಿನ ಕುದಿಸಿ ಮುಚ್ಚಿಟ್ಟು ಬೆಳಗಿನ ಜಾವ ಮುಚ್ಚಳ ತೆಗೆದರೆ ತುಸು ಹುಳಿ, ತುಸು ಸಿಹಿ. ಮೇಲೆ ಎರಡು ಹನಿ ಶೇಂಗಾ ಎಣ್ಣೆ ಬಿಟ್ಟರೆ ಅದರದೊಂದು ಜಿಡ್ಡಿನ ಕಂಪು. ಆಮೇಲೆ ಅದೇ ಗಂಜಿ ಹತ್ತಿಯ ಎಳೆಗೆ ತಾಗಿದಾಗ ಮಾತ್ರ ಬರುವ, ಹಸುಗೂಸಿನ ನೆತ್ತಿಯಂಥ ಇನ್ನೊಂದು ವಾಸನೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ಅನ್ನವ್ವನಿಗೆ ಬೆಳಗು ಎಂದರೆ ಅದೇ ಆಗಿತ್ತು. ಕೋಳಿ ಕೂಗುವ ಮೊದಲೇ ಆ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂದು, ಕೌದಿಯೊಳಗೆ ಮುದುಡಿ ಮಲಗಿದ ಹುಡುಗಿಯನ್ನು ಮೂಗು ಹಿಡಿದು ಎಬ್ಬಿಸುತ್ತಿತ್ತು. ಹೊರಗೆ ಅಪ್ಪ ಉಂಕಿ ಹಾಸಿದ್ದಾನೆ ಎಂದು ಅದರ ಅರ್ಥ.

ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಉದ್ದನೆಯ ಕುಂಚದಿಂದ ತಿಕ್ಕಿ, ಒಂದಕ್ಕೊಂದು ಅಂಟದಂತೆ ಎಳೆ ಬಿಡಿಸಿ ಒಣಗಿಸಬೇಕು. ಹಾಗೆ ಎಳೆದು ಕಟ್ಟಿದ ನೂಲೇ ಉಂಕಿ. ಅದು ಮನೆಯೊಳಗೆ ಆಗುವ ಕೆಲಸವಲ್ಲ. ಅದಕ್ಕೆ ಉದ್ದ ಬೇಕು, ನೆರಳೂ ಬೇಕು. ಬಿಸಿಲಿಗೆ ಬಿಟ್ಟರೆ ಗಂಜಿ ಕಟಕಟ ಒಣಗಿ ಎಳೆಗಳು ತುಂಡಾಗುತ್ತವೆ. ಈ ಓಣಿಯಲ್ಲಿ ಎರಡೂ ಇದ್ದವು. ಪಡುವಣ ತುದಿಯ ಬೇವಿನ ಮರದಿಂದ ಮೂಡಣ ತುದಿಯ ಖುಲ್ಲಾ ಜಾಗದವರೆಗೆ ಎಳೆದರೆ ಒಂದು ಉಂಕಿಗೆ ಸರಿಯಾಗುತ್ತಿತ್ತು. ಒಂದು ಗೇಣೂ ಹೆಚ್ಚಿರಲಿಲ್ಲ, ಒಂದು ಗೇಣೂ ಕಡಿಮೆಯಿರಲಿಲ್ಲ.

ಆ ಖುಲ್ಲಾ ಜಾಗದ ಮೇಲೆಯೇ ಈಗ ಜಗಳ. ಕಾಗದದ ಪ್ರಕಾರ ಅದು ಸುನಿಲಕುಮಾರನದು. ಅವನ ಅಜ್ಜನೂ ಇದೇ ಓಣಿಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದವನು. ಅಜ್ಜ ಆ ಜಾಗ ಕೊಂಡ, ಆದರೆ ಬೇಲಿ ಹಾಕಲಿಲ್ಲ. ಉಂಕಿಗೆ ಬೇಲಿ ಹಾಕುವುದುಂಟೇ ಎಂದು ನಕ್ಕನಂತೆ. ಮೊಮ್ಮಗನ ಕಾಲಕ್ಕೆ ಆ ಜಾಗಕ್ಕೆ ಬೆನ್ನು ಹಾಕಿ, ದೊಡ್ಡ ರಸ್ತೆಗೆ ಮುಖ ಮಾಡಿ ಮೂರಂತಸ್ತಿನ ಬಟ್ಟೆಯಂಗಡಿ ಎದ್ದಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಮದುವೆ ಜವಳಿಗೆಂದು ಜನ ಜೀಪು ಮಾಡಿಕೊಂಡು ಬರತೊಡಗಿದರು. ಅಂಗಡಿ ಸಾಲದಾಯಿತು. ಈಗ ಹಿಂದಕ್ಕೆ ಚಾಚಿ ಗೋದಾಮು, ಮೇಲೆ ಎರಡು ಅಂತಸ್ತು, ಕೆಳಗೆ ಗಾಡಿ ನಿಲ್ಲಿಸಲು ಜಾಗ. ಅಡಿಪಾಯ ಬೀಳುವುದು ಸರಿಯಾಗಿ ಉಂಕಿಯ ಗೂಟವಿದ್ದ ಕಡೆ.

ಗದಗಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಓಣಿಯ ಮೊದಲ ಹೆಣ್ಣುಮಗಳು ಅನ್ನವ್ವ. ಮುಂಡರಗಿಯ ಶಾಲೆಯಲ್ಲಿ ಕಲಿಸಿ, ಮದುವೆಯ ಗೊಡವೆಗೆ ಹೋಗದೆ, ನಿವೃತ್ತಳಾಗಿ ತಮ್ಮ ಪ್ರಲ್ಹಾದನ ಮನೆಗೆ ಬಂದು ನೆಲೆಸಿದ್ದಳು. ಓಣಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಅವಳೇ ಬರೆಯುವುದು. ಕಟ್ಟಡ ಬೇಡವೆಂಬ ತಕರಾರಿನ ಅರ್ಜಿಯನ್ನೂ ಅವಳೇ ಬರೆದಳು. ತಲೆತಲಾಂತರದಿಂದ ಈ ಜಾಗವನ್ನು ಉಂಕಿಗೆ ಬಳಸುತ್ತ ಬಂದಿದ್ದೇವೆ, ಅದು ಹೋದರೆ ಹನ್ನೊಂದು ಕೈಮಗ್ಗ ನಿಲ್ಲುತ್ತವೆ, ನಮಗೆ ಒಂದು ಪಟ್ಟಿಯಷ್ಟು ದಾರಿ ಬಿಡಿಸಿಕೊಡಿ ಎಂದು. ನಗರಸಭೆಯ ಕಚೇರಿಯವರು ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಖರೆ ಬಳಕೆಯಲ್ಲಿದೆಯೋ ಇಲ್ಲವೋ, ಸಾಹೇಬರು ಗುರುವಾರ ಕಣ್ಣಾರೆ ನೋಡಲು ಬರುತ್ತಾರೆ ಎಂದು ತಿಳಿಸಿದರು. ಓಣಿಗೆ ಜೀವ ಬಂತು.

ಬುಧವಾರ ಸಂಜೆ ಎಲ್ಲರೂ ಬೇವಿನ ಕಟ್ಟೆಯ ಮೇಲೆ ಸೇರಿದ್ದರು. ಪ್ರಲ್ಹಾದ ಮರುದಿನಕ್ಕೆಂದು ಒಂದು ಉಂಕಿ ಸಿದ್ಧ ಮಾಡಿಟ್ಟಿದ್ದ.

“ನಾಳಿ ಉಂಕಿ ಬ್ಯಾಡೋ ತಮ್ಮಾ,” ಎಂದಳು ಅನ್ನವ್ವ.

“ಯಾಕಕ್ಕಾ?”

“ಸಾಹೇಬ್ರು ನಮ್ಮ ಬಾಗಲಿಗೆ ಬರಾಕತ್ತಾರ. ಉಂಕಿ ಕೆಳಗ ಬಗ್ಗಿ ನುಸೀರಿ ಅಂತ ಹೇಳೂದೇನು ಅವರಿಗೆ?”

ಯಾರೂ ಎದುರಾಡಲಿಲ್ಲ. ಓಣಿಯ ರೂಢಿಯೇ ಅದು. ನೂಲನ್ನು ಯಾರೂ ದಾಟಬಾರದು. ಉಂಕಿ ಹಾಸಿದಾಗ ಓಣಿಯವರು ಅದರ ಕೆಳಗೆ ಬಗ್ಗಿ ನುಸುಳಿ ಹೋಗುತ್ತಾರೆ. ಆದರೆ ಮದುಮಗಳು ಬಂದರೆ, ಹೆಣ ಬಂದರೆ, ಹೊರಗಿನ ಅತಿಥಿ ಬಂದರೆ, ಎಂಥ ಅವಸರದ ಕೆಲಸವಿದ್ದರೂ ಉಂಕಿ ಬಿಚ್ಚಿ ದಾರಿ ಕೊಡಬೇಕು. ಬಂದವರ ತಲೆ ನಮ್ಮ ಓಣಿಯಲ್ಲಿ ಬಾಗಬಾರದು ಎಂದು ಹಿರಿಯರು ಮಾಡಿಟ್ಟ ಕಟ್ಟಳೆ.

“ಖರೆ ಐತಿ ಯಕ್ಕಾ,” ಎಂದಳು ಎದುರುಮನೆಯ ದೇವವ್ವ. ಗಂಡ ಸತ್ತ ಮೇಲೆ ಒಬ್ಬಳೇ ಮಗ್ಗ ನಡೆಸುವ, ಬೈದರೆ ಆಚೆ ಓಣಿಗೂ ಕೇಳಿಸುವ ಹೆಂಗಸು. “ಬಗ್ಗಿ ನುಸ್ಯಾಕ ಹೋಗಿ ಸಾಹೇಬನ ಟೊಂಕ ಹಿಡಕೊಂಡ್ರ ನಮ್ಮ ಅರ್ಜಿ ಗತಿ ಏನಾತು?”

ಎಲ್ಲರೂ ನಕ್ಕರು. ಗಂಜಿ ಕಾಯಿಸುವುದರಲ್ಲಿ ಪಳಗಿದ ಮರ್ದಾನಸಾಬ ತನ್ನ ಬಿಳಿ ಗಡ್ಡ ನೀವಿಕೊಳ್ಳುತ್ತ, “ಗೂಟಾನೂ ಕಿತ್ತಿಡೂಣು. ಕತ್ತಲ್ಯಾಗ ನಾವs ಎಡವ್ತೇವಿ, ಇನ್ನ ಅವರು ಬೂಟಿನವರು,” ಎಂದ.

ಗುರುವಾರ ಬೆಳಗ್ಗೆ ಆ ಓಣಿ ಹೇಗಿತ್ತೆಂದರೆ, ಹಬ್ಬದಲ್ಲೂ ಹಾಗಿದ್ದುದನ್ನು ಯಾರೂ ಕಂಡಿರಲಿಲ್ಲ. ಗೂಟಗಳನ್ನು ಕಿತ್ತು, ಕುಣಿಗಳಿಗೆ ಮಣ್ಣು ತುಂಬಿ ಸಗಣಿ ಸಾರಿಸಿದ್ದರು. ಬಿದಿರಗೋಲು, ಕುಂಚ, ಗಂಜಿಯ ಗಡಿಗೆ ಎಲ್ಲವೂ ಒಳಗೆ ಹೋಗಿದ್ದವು. ನೂಲಿನ ಒಂದು ಚೂರೂ ಕಣ್ಣಿಗೆ ಬೀಳದಂತೆ ಗುಡಿಸಿದ್ದರು. ಎಲ್ಲರಿಗಿಂತ ದೊಡ್ಡ ರಂಗೋಲಿ ದೇವವ್ವನದು. ಬೇವಿನ ಕೆಳಗೆ ಖುರ್ಚಿ, ಅದರ ಮೇಲೆ ಹೊಸ ಟವಲ್ಲು.

ಸಾಹೇಬ ಇನ್ನೂ ಹುಡುಗ. ಒಳ್ಳೆಯವನು. ರಂಗೋಲಿ ತುಳಿಯಬಾರದೆಂದು ಗೋಡೆಗೆ ಆತುಕೊಂಡು ನಡೆದು ಬಂದ. ದೇವವ್ವ ಕೊಟ್ಟ ಚಹಾ ಕುಡಿದು, ಬೇಡವೆನ್ನಲಾರದೆ ಇನ್ನೊಂದು ಲೋಟವನ್ನೂ ಕುಡಿದ.

“ಎಲ್ಲಿ ಹಾಸ್ತೀರಿ ಅಮ್ಮಾ?”

ಅನ್ನವ್ವ ಕೈ ಚಾಚಿ ತೋರಿಸಿದಳು. “ಇಲ್ಲಿಂದ ಹಿಡಿದು ಅಗೋ, ಅಲ್ಲಿತನಕರಿ.”

“ಇವತ್ತು ಹಾಸಿಲ್ಲೇನು?”

“ಇವತ್ತ ತಾವು ಬರೂದಿತ್ತಲ್ಲರಿ!”

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದವನು, ಕಚೇರಿಯಿಂದ ಜೊತೆಗೆ ಬಂದವರ ಕಡೆ ಕಣ್ಣು ಹಾಯಿಸಿದ. ಫೋನು ತೆಗೆದು ಓಣಿಯ ಆ ತುದಿಯಿಂದ, ಈ ತುದಿಯಿಂದ ಚಿತ್ರ ತೆಗೆದುಕೊಂಡ.

“ಅಮ್ಮಾ, ನಾನು ಕಂಡದ್ದನ್ನ ಬರೀಬೇಕಾಗ್ತದೆ,” ಎಂದ ಹೋಗುವಾಗ.

“ಅಷ್ಟs ಬರೀರಿ ಸಾಹೇಬ್ರ. ಕಂಡದ್ದ ಬರದ್ರ ಸಾಕು ನಮಗ,” ಎಂದು ಅನ್ನವ್ವ ಕೈ ಮುಗಿದಳು.

ಅವನು ಕಂಡದ್ದನ್ನೇ ಬರೆದ. ಹದಿನೈದು ದಿನದ ಮೇಲೆ ಕಚೇರಿಯ ಪಡಸಾಲೆಯಲ್ಲಿ ನಿಂತು ಅನ್ನವ್ವ ಅದನ್ನು ಓದಿದಳು. ಪರಿಶೀಲನೆಯ ವೇಳೆ ಜಾಗವು ಖಾಲಿಯಾಗಿಯೂ ಸ್ವಚ್ಛವಾಗಿಯೂ ಇದ್ದು, ನೇಕಾರಿಕೆಯ ಯಾವುದೇ ಬಳಕೆ ಕಂಡುಬರಲಿಲ್ಲ. ಇಷ್ಟೇ. ಕಟ್ಟಡಕ್ಕೆ ಅನುಮತಿಯಾಗಿತ್ತು. ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು, ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕುವವಳಂತೆ. ಒಂದು ತಪ್ಪೂ ಇರಲಿಲ್ಲ. ಅವಳು ಗೋಡೆಗೆ ಆತುಕೊಂಡದ್ದನ್ನು ಕಂಡ ಜವಾನನೊಬ್ಬ ತಾನು ಕೂತಿದ್ದ ಸ್ಟೂಲನ್ನು ಹತ್ತಿರ ಸರಿಸಿ, ಏನನ್ನೂ ಕೇಳದೆ ಒಳಗೆ ಹೋದ.

ಓಣಿಗೆ ಬಂದು ಅವಳು ಓದಿದ್ದನ್ನು ಹೇಳಿದಳು. ಪ್ರಲ್ಹಾದ ತಲೆಯ ಮೇಲೆ ಕೈ ಹೊತ್ತು ಕೂತ. ಮರ್ದಾನಸಾಬ “ಯಾ ಅಲ್ಲಾ” ಎಂದ. ದೇವವ್ವ ಮಾತ್ರ ಎದ್ದು ನಿಂತಳು.

“ಕಲತಾಕಿ ಕಲತಾಕಿ ಅಂತ ನಿನ್ನ ಮುಂದ ಬಿಟ್ವಿ. ಓಣಿ ಗುಡಿಸಿ ಗುಡಿಸಿ ನಮ್ಮನ್ನೂ ಕಸದ ಕೂಡ ಗುಡಿಸಿ ಹಾಕಿದಿ.”

“ದೇವವ್ವಾ, ರಂಗೋಲಿ ನೀನೂ ಹಾಕಿದ್ದಿ,” ಎಂದ ಪ್ರಲ್ಹಾದ.

“ಹಾಕಿದ್ನೆಪಾ! ನಾ ಅಕ್ಷರ ಕಲೀದಾಕಿ, ಹಾಕ್ದೆ. ಈಕಿಗೆ ಏನಾಗಿತ್ತು? ನೋಡಾಕ ಬರೂ ಮಂದಿಗೆ ತೋರಿಸಬೇಕು ಅನ್ನೂದು ತಿಳೀಬಾರದs? ನನ್ನ ಮಗ್ಗ ನಿಂತ್ರ ನಾ ಯಾರ ಮನಿ ಭಾಂಡಿ ತಿಕ್ಕಲಿ? ಹೇಳು, ಯಾರ ಮನಿದು ತಿಕ್ಕಲಿ?”

ಅಂದಿನಿಂದ ದೇವವ್ವ ಅನ್ನವ್ವನೊಡನೆ ಮಾತು ಬಿಟ್ಟಳು. ನಳದ ಹತ್ತಿರ ಎದುರಾದರೆ ಕೊಡವನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಿಸಿ ಮುಖ ತಿರುಗಿಸಿಕೊಂಡು ಹೋಗುವಳು. ಉಳಿದವರು ಮಾತಾಡುತ್ತಿದ್ದರು, ಆದರೆ ಅವಳ ಮುಂದೆ ಕಟ್ಟಡದ ಸುದ್ದಿ ತೆಗೆಯುತ್ತಿರಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅವಳು ಸುಮ್ಮನೆ ಕೂಡಲಿಲ್ಲ. ಮತ್ತೊಂದು ಅರ್ಜಿ ಬರೆದುಕೊಂಡು ಹೋದಳು. ಆ ಹುಡುಗ ಸಾಹೇಬನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವನ ಜಾಗಕ್ಕೆ ಬಂದವರು, ಒಮ್ಮೆ ಆದ ಪರಿಶೀಲನೆ ಆಯಿತು, ಇನ್ನು ಕೋರ್ಟಿಗೆ ಹೋಗಿ ಎಂದರು. ವಕೀಲರು, ಕೋರ್ಟಿಗೆ ಬೇಸಿಗೆ ರಜೆ, ತೆರೆದ ಮೇಲೆ ನೋಡೋಣ ಎಂದರು. ಆ ರಜೆ ಮುಗಿಯುವುದರೊಳಗೆ ಅಡಿಪಾಯ ಮುಗಿಯುತ್ತದೆ ಎಂಬುದು ವಕೀಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಶುಲ್ಕ ಮಾತ್ರ ಅವರು ಮುಟ್ಟಲಿಲ್ಲ. “ನಿಮ್ಮ ಕೈಯಾಗ ಕಲತೇನ್ರಿ ಟೀಚರ, ಮುಂಡರಗ್ಯಾಗ” ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಕೊನೆಗೆ ಅವಳು ಸುನಿಲಕುಮಾರನ ಅಂಗಡಿಗೇ ಹೋದಳು. ಗಾಜಿನ ಬಾಗಿಲು ತಳ್ಳಲು ತಿಳಿಯದೆ ನಿಂತಾಗ ಅವನೇ ಎದ್ದು ಬಂದು ತೆರೆದ.

“ಬರ್ರಿ ಅತ್ತಿ, ಕುಂಡ್ರಿ. ಏ, ಅತ್ತಿಗೆ ಮಜ್ಜಿಗಿ ತರ್ರಿ.”

“ಸುನೀಲಾ, ಮಜ್ಜಿಗಿ ಕುಡ್ಯಾಕ ಬಂದಿಲ್ಲಪಾ. ನೀ ನಾಕು ಮಾರು ಹಿಂದಕ್ಕ ಸರದು ಕಟ್ಟು. ಒಂದು ಪಟ್ಟಿ ಬಿಡು. ಬರೇ ಮುಂಜಾನಿ ಹೊತ್ತು ನಮಗ ಬೇಕಾಗೂದು.”

“ನಕ್ಷೆ ಪಾಸ್ ಆಗೇತಿ ಅತ್ತಿ. ಕಂಬ ಎಲ್ಲಿ ಬರಬೇಕು ಅಂತ ಇಂಜಿನಿಯರ್ ಗುರುತು ಹಾಕ್ಯಾರ. ನಾ ಒಂದು ಕಂಬ ಸರಿಸಿದ್ರ ಮ್ಯಾಲಿನ ಎರಡು ಅಂತಸ್ತು ಸರೀತಾವು.” ಅವನ ದನಿಯಲ್ಲಿ ಸೊಕ್ಕು ಇರಲಿಲ್ಲ. ಅದೇ ಅವಳನ್ನು ಹೆದರಿಸಿತು. “ನಿಮಗೊಂದು ಹೇಳ್ಲಿ? ಟೆರೇಸ್ ಮ್ಯಾಲ ಹಾಸ್ಕೊಳ್ರಿ ಉಂಕಿ. ಲಿಫ್ಟ್ ಐತಿ. ನಾ ಬ್ಯಾಡ ಅನ್ನೂದಿಲ್ಲ.”

“ಟೆರೇಸಿನ ಬಿಸಲಿಗೆ ಎಳಿ ಉಳೀತಾವೇನೋ? ನಿಮ್ಮಜ್ಜಗ ಕೇಳಿದ್ರ ಹೇಳ್ತಿದ್ದ.”

“ಅಜ್ಜ ಹೋಗಿ ಭಾಳ ವರ್ಷ ಆತಲ್ಲ ಅತ್ತಿ.” ಅವನು ಕೌಂಟರಿನ ಗಾಜನ್ನು ಬೆರಳಿನಿಂದ ಒರೆಸಿದ. “ಪ್ರಲ್ಹಾದ ಕಾಕಾಗ ಇಲ್ಲೇ ಕೆಲಸ ಕೊಡ್ತೇನಿ. ಗಿರಾಕಿಗೆ ಸೀರಿ ಬಿಚ್ಚಿ ತೋರಸೂದು. ನೆರಳಾಗ ಕುಂತು ಮಾಡೂ ಕೆಲಸ. ಹಿಂದ ಒಂದು ಕೈಮಗ್ಗಾನೂ ಇಡೂಣು ಅಂತ ಮಾಡೇನಿ, ಮಂದಿ ನೋಡ್ಲಿ ಅಂತ.”

“ಉಂಕಿ ಇಲ್ಲದ ಮಗ್ಗದ ಮ್ಯಾಲ ಏನು ನೋಡ್ತಾರ, ಮಂದಿ?”

ಮಜ್ಜಿಗೆ ಬಂತು. ಅವಳು ಕುಡಿದಳು, ಕುಡಿಯದಿದ್ದರೆ ತಂದಿಟ್ಟ ಹುಡುಗಿಯ ಮನಸ್ಸಿಗೆ ನೋವಾಗುತ್ತದೆಂದು.

ಅಗೆತ ಸೋಮವಾರ ಎಂದು ತಿಳಿಯಿತು. ಭಾನುವಾರ ಸಂಜೆ ಪ್ರಲ್ಹಾದ ಊಟದ ತಾಟಿನ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಅಂದು ಸಾಹೇಬ ಬರುವ ದಿನ ಬೇಡವೆಂದು ಎತ್ತಿಟ್ಟ ಉಂಕಿ ಇನ್ನೂ ಮೂಲೆಯಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಆಮೇಲೆ ಹಾಸುವ ಮನಸ್ಸು ಯಾರಿಗೂ ಬಂದಿರಲಿಲ್ಲ.

“ಅಕ್ಕಾ, ನಾಳಿ ಮಷೀನು ಬರೂದರಾಗ ಇದನ್ನ ಹಾಸಿ ಗಂಜಿ ಹಚ್ಚಿಬಿಡೂಣು.”

“ಹಚ್ಚಿ?”

“ಹಚ್ಚಿದ ಮ್ಯಾಲ ಅದನ್ನ ಯಾರೂ ಎತ್ತಾಕ ಬರೂದಿಲ್ಲ. ಒದ್ದಿ ಉಂಕಿ ಎತ್ತಿದ್ರ ಎಲ್ಲಾ ಎಳಿ ಅಂಟಿ ಹಗ್ಗ ಆಗ್ತದ. ಅದು ಒಣಗೂತನಕಾ ಹೊಲ ಉಳೂ ಎತ್ತು ಬಂದ್ರೂ ನಿಲ್ಲಬೇಕು, ಮಷೀನು ಬಂದ್ರೂ ನಿಲ್ಲಬೇಕು.”

“ನಿಲ್ಲದಿದ್ರ?”

ಪ್ರಲ್ಹಾದ ಗೋಡೆಯ ಕಡೆ ನೋಡಿದ. ಒಂದು ಉಂಕಿ ಎಂದರೆ ಒಂದು ಮನೆಯ ತಿಂಗಳ ಕೂಳು. ಅದನ್ನು ಯಂತ್ರದ ಬಾಯಿಗೆ ಒಡ್ಡಲು ಹೊರಟಿದ್ದ ತಮ್ಮನನ್ನು ಕಂಡು ಅನ್ನವ್ವನಿಗೆ ಅಳು ಬಂತು. ಒಣಗಿದ ಮೇಲೆ ಏನು ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಚೆಗೆ ಯೋಚಿಸುವಷ್ಟು ಬಲ ಇಬ್ಬರಲ್ಲೂ ಉಳಿದಿರಲಿಲ್ಲ.

ಸೋಮವಾರ ಬೆಳಕು ಹರಿಯುವ ಮುಂಚೆ ಓಣಿಯವರೆಲ್ಲ ಕರೆಯದೆಯೇ ಬಂದರು. ಗೂಟಗಳನ್ನು ಮತ್ತೆ ನೆಟ್ಟರು. ಸಾರಿಸಿದ ನೆಲ ಒಡೆಯಲು ದೇವವ್ವನೇ ಹಾರೆ ಹಿಡಿದಳು. ಬೇವಿನ ಮರದಿಂದ ಎಳೆದ ನೂಲು, ಕತ್ತರಿಯಂತೆ ಜೋಡಿಸಿ ನಿಲ್ಲಿಸಿದ ಬಿದಿರಗೋಲುಗಳ ಮೇಲೆ ಸಾಗಿ, ಸುಣ್ಣದಿಂದ ಗುರುತು ಹಾಕಿದ ಅಡಿಪಾಯದ ಚೌಕಗಳನ್ನು ದಾಟಿ, ಮೂಡಣ ಗೂಟಕ್ಕೆ ಹೋಗಿ ಬಿಗಿಯಾಯಿತು. ಮರ್ದಾನಸಾಬ ಗಂಜಿಯ ಗಡಿಗೆ ಹೊತ್ತು ತಂದ. ಕುಂಚ ಹಿಡಿದು ಪ್ರಲ್ಹಾದ ಒಂದು ಕಡೆ, ದೇವವ್ವ ಇನ್ನೊಂದು ಕಡೆ ನಡೆಯತೊಡಗಿದರು. ಉಂಕಿ ಒದ್ದೆಯಾಯಿತು.

ಆಗ ಜೆಸಿಬಿ ಬಂತು.

ಓಡಿಸುವವನು ಹೊಂಬಳದ ಬೀರಲಿಂಗ. ಮೂವತ್ತರ ಆಸುಪಾಸಿನ, ಕೊರಳಲ್ಲಿ ಕರಿದಾರ ಕಟ್ಟಿಕೊಂಡ ಗಂಡಸು. ಓಣಿಯ ಬಾಯಿಗೆ ಬಂದು, ಎದುರಿಗೆ ದಾರಿ ಕಟ್ಟಿ ಉದ್ದಕ್ಕೂ ಮಲಗಿದ ಬಿಳಿಯ ನೂಲನ್ನು ಕಂಡು ಬ್ರೇಕು ಹಾಕಿದ.

“ಏನ್ರೀ ಇದು? ತಗೀರಿ, ಕೆಲಸ ಚಾಲೂ ಮಾಡಬೇಕು.”

“ತಗ್ಯಾಕ ಬರೂದಿಲ್ಲ,” ಎಂದಳು ದೇವವ್ವ ಕುಂಚ ನಿಲ್ಲಿಸದೆ. “ಹೋಗೂದಿದ್ರ ಇದರ ಮ್ಯಾಲs ಹಾಯಿಸ್ಕೊಂಡು ಹೋಗು. ನಿಮ್ಮವ್ವ ನಿನ್ನ ಹಡದದ್ದಕ್ಕ ಸಾರ್ಥಕ ಆಗ್ಲಿ.”

“ಬೆಳಗ್ಗೆ ಎದ್ದು ಬೈಸ್ಕೊಳ್ಳಾಕ ಬಂದೇನೇನವಾ ನಾ?” ಎಂದ ಅವನು. ಆದರೆ ಇಳಿದು ಬಂದ. ಉಂಕಿಯ ಹತ್ತಿರ ಬಂದು, ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. “ಒದ್ದಿ ಐತಿ.”

“ಹೌದಪಾ,” ಎಂದಳು ಅನ್ನವ್ವ. “ಒಣಗೂತನಕಾ ತಡಿ. ನಿನ್ನ ಕಾಲಿಗೆ ಬೀಳ್ತೇನಿ.”

“ಬೀಳಬ್ಯಾಡ್ರಿ ಅವ್ವಾರ, ದೊಡ್ಡವರದೀರಿ.” ಅವನು ಎರಡು ಹೆಜ್ಜೆ ಹಿಂದೆ ಸರಿದ. “ನಾವು ಕುರಿ ಕಾಯೂ ಮಂದಿ. ನಮ್ಮವ್ವ ಕಂಬಳಿ ನೂಲು ಹುಣಸಿಬೀಜದ ಗಂಜಿಗೆ ಹಾಕಿದಾಗ ನಮ್ಮಪ್ಪನ್ನ ಸೈತ ಆ ಕಡೆ ಹಾಯಾಕ ಬಿಡ್ತಿರಲಿಲ್ಲ.”

ಅವನು ಹೋಗಿ ಯಂತ್ರದ ಮೇಲೆ ಕೂತ. ಎಂಜಿನ್ ಬಂದ್ ಮಾಡಲಿಲ್ಲ. ಅವನು ಯಂತ್ರವನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಹೋಗಿ, ರಸ್ತೆಯ ಆಚೆ ಬದಿಗೆ ನಿಲ್ಲಿಸಿ, ಆಮೇಲೆ ಬಂದ್ ಮಾಡಿದ. ಹೊಗೆ, ಧೂಳು ಒದ್ದೆ ನೂಲಿಗೆ ಬೀಳಬಾರದೆಂದು ಅಷ್ಟು ದೂರ ಹೋಗಿದ್ದ. ಸ್ವಲ್ಪ ಹೊತ್ತಿಗೆ ಅವನ ಫೋನು ಒದರಿತು. ಆ ಕಡೆಯಿಂದ ಗುತ್ತಿಗೆದಾರನ ಗದರಿಕೆ ಓಣಿಯವರೆಗೂ ಕೇಳಿಸುತ್ತಿತ್ತು.

“ಗಾಡಿ ಗರಂ ಆಗೇತ್ರಿ ಸರ,” ಎಂದ ಬೀರಲಿಂಗ. “ಇಲ್ರಿ, ಈಗs ಹಚ್ಚಿದ್ರ ಸೀಜ್ ಆಗ್ತದ. ಆರಬೇಕ್ರಿ. ಹಾಂ, ಆರಲಿರಿ.”

ಮೇ ತಿಂಗಳ ಗಾಳಿ. ಆರುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಅನ್ನವ್ವ ಉಂಕಿಯ ಪಕ್ಕದಲ್ಲೇ ನಡೆಯುತ್ತಿದ್ದಳು. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ. ಈ ಹೊತ್ತಿನಲ್ಲಿ ವಕೀಲರ ಫೋನು ಬರಬಹುದು, ಸುನಿಲಕುಮಾರನ ಮನಸ್ಸು ಕರಗಬಹುದು, ಆಕಾಶದಿಂದ ಏನಾದರೂ ಬೀಳಬಹುದು. ಏನೂ ಬರಲಿಲ್ಲ. ಮನೆಗಳ ನೆರಳು ಗಿಡ್ಡವಾಗುತ್ತ ಗೋಡೆಯ ಕಡೆಗೆ ಸರಿಯಿತು. ಮರ್ದಾನಸಾಬ ಅಂಗೈ ಹಿಂಬದಿಯಿಂದ ನೂಲನ್ನು ಮುಟ್ಟಿ ನೋಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

“ಆತು. ಸುತ್ತಬೇಕು.”

“ಸುತ್ತಬ್ಯಾಡ್ರಿ,” ಎಂದಳು ದೇವವ್ವ. “ಹಿಂಗs ಇರಲಿ.”

“ಬಿಸಲು ಮುಟ್ಟಾಕ ಬಂತು ದೇವವ್ವಾ,” ಎಂದ ಪ್ರಲ್ಹಾದ. ಅವನ ಧ್ವನಿ ಸೋತಿತ್ತು. “ಇನ್ನ ಬಿಟ್ರ ಪುಟುಪುಟು ಹರೀತಾವು.”

ಅನ್ನವ್ವ ಗಂಜಿಯ ಗಡಿಗೆಯ ಹತ್ತಿರ ಓಡಿದಳು. ಅರವತ್ತೆಂಟರ ಹೆಂಗಸು ಹಾಗೆ ಓಡಿದ್ದನ್ನು ಓಣಿ ಕಂಡಿರಲಿಲ್ಲ. ತಳದಲ್ಲಿ ಉಳಿದಿದ್ದ ಗಂಜಿಯಲ್ಲಿ ಕುಂಚ ಅದ್ದಿ ತಂದು, ಒಣಗಿದ ಉಂಕಿಯ ಮೇಲೆ ಎತ್ತಿದಳು. “ಮತ್ತ ಹಚ್ಚೂಣು. ಮತ್ತ ಒದ್ದಿ ಮಾಡೂಣು. ಅಂವ ತಡೀತಾನ, ಒಳ್ಳೇಂವ ಅದಾನ. ಸಂಜಿತನಕಾ ಹಚ್ಚೂಣು, ನಾಳಿ ಬೆಳತನಕಾ ಹಚ್ಚೂಣು...”

ಮರ್ದಾನಸಾಬ ಅವಳ ಮಣಿಕಟ್ಟು ಹಿಡಿದ. ಎಂದೂ ಅವಳ ಮುಂದೆ ತಲೆಯೆತ್ತಿ ಮಾತಾಡದವನು.

“ಯಕ್ಕಾ, ಎರಡನೇ ಸಲ ಹಚ್ಚಿದ್ರ ಉಂಕಿ ಕೆಡ್ತದ. ನಿಮಗೂ ಗೊತ್ತೈತಿ.”

“ಕೆಡ್ಲಿ!”

“ನೂಲು ಏನು ತಪ್ಪು ಮಾಡೇತಿ ಯಕ್ಕಾ?”

ಕುಂಚದಿಂದ ಗಂಜಿ ಅವಳ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಲ್ಲರೂ ನಿಂತಿದ್ದರು. ರಸ್ತೆಯ ಆಚೆ ಬೀರಲಿಂಗನೂ ಎದ್ದು ನಿಂತಿದ್ದ. ತಾನು ಹೂಂ ಎಂದರೆ ಇವರು ಹಚ್ಚುತ್ತಾರೆ ಎಂದು ಅನ್ನವ್ವನಿಗೆ ಗೊತ್ತಿತ್ತು. ಗುಡಿಸಿರಿ ಎಂದಾಗ ಗುಡಿಸಿದ ಜನ. ಅವಳ ಮಾತಿಗೆ ಒಂದು ಸಲ ಓಣಿ ಹೋಗಿತ್ತು. ಇನ್ನೊಂದು ಸಲಕ್ಕೆ ಹೋಗಲು ಉಳಿದಿದ್ದುದು ಆ ಉಂಕಿ ಒಂದೇ.

ಅವಳು ಬೆರಳು ಸಡಿಲಿಸಿದಳು. ಮರ್ದಾನಸಾಬ ಕುಂಚ ತೆಗೆದುಕೊಂಡ.

ಉಂಕಿಯನ್ನು ಸುತ್ತಿದರು. ಅಷ್ಟು ನಿಧಾನವಾಗಿ ಯಾರೂ ಯಾವತ್ತೂ ಸುತ್ತಿರಲಿಲ್ಲ. ಪ್ರಲ್ಹಾದ ಅದನ್ನು ಎದೆಗೆ ಒತ್ತಿ ಹಿಡಿದು ಮನೆಯೊಳಗೆ ಹೋದ. ಬೀರಲಿಂಗ ಬಂದು ಯಾರ ಮುಖವನ್ನೂ ನೋಡದೆ ಮೂಡಣ ತುದಿಯ ಗೂಟವನ್ನು ಕೈಯಿಂದಲೇ ಅಲ್ಲಾಡಿಸಿ ಕಿತ್ತು, ಮಣ್ಣು ಝಾಡಿಸಿ ಕಟ್ಟೆಗೆ ಆನಿಸಿಟ್ಟ. “ಇನ್ನ ಹೊತ್ತು ಮಾಡಾಕ ಬರೂದಿಲ್ರಿ ಅವ್ವಾರ. ಬ್ಯಾರೆ ಗಾಡಿ ಕಳಸ್ತಾರ,” ಎಂದು ಮೆಲ್ಲನೆ ಹೇಳಿ ಹೋದ.

ಯಂತ್ರ ಚಾಲೂ ಆಯಿತು. ಮೊದಲ ಸಲ ಬಕೆಟ್ಟು ನೆಲಕ್ಕೆ ತಾಗಿದಾಗ ಮನೆಗಳೊಳಗಿನ ಮಗ್ಗಗಳು ಗಡಗಡ ನಡುಗಿದವು. ಸಗಣಿ ಸಾರಿಸಿದ ಪದರು ರೊಟ್ಟಿಯ ಹಾಗೆ ಎದ್ದು ಬಂತು. ಅದರ ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಗರಸು. ಒಂದೊಂದೇ ಮನೆಯ ಬಾಗಿಲು ಮುಚ್ಚಿಕೊಂಡಿತು. ಧೂಳು ಬೇವಿನ ಎಲೆಗಳ ಮೇಲೆ ಕೂತಿತು.

ಅನ್ನವ್ವ ಕಟ್ಟೆಯ ಮೇಲೆ ಕೂತಳು. ಪ್ರಲ್ಹಾದ ಒಮ್ಮೆ ಬಂದು ಕರೆದ, ಮತ್ತೊಮ್ಮೆ ಬಂದು ಕರೆದ, ಆಮೇಲೆ ಬರಲಿಲ್ಲ. ಸೀರೆಯ ಮೇಲೆ ಬಿದ್ದ ಗಂಜಿ ಒಣಗಿ ಬಟ್ಟೆ ಬಿರುಸಾಗಿತ್ತು. ಕೋರ್ಟು ತೆರೆದರೂ ಈ ಕುಣಿಯನ್ನು ತುಂಬಿಕೊಡುವವರು ಯಾರೂ ಇಲ್ಲ. ಒಳಗೆ ಹೋದ ಉಂಕಿ ಮಗ್ಗಕ್ಕೆ ಏರುತ್ತದೆ, ಪ್ರಲ್ಹಾದ ನೇಯುತ್ತಾನೆ, ಅದು ಮುಗಿಯುತ್ತದೆ. ಆಮೇಲೆ ಅವನು ಗಾಜಿನ ಬಾಗಿಲಿನ ಹಿಂದೆ ಸೀರೆ ಬಿಚ್ಚಿ ತೋರಿಸುತ್ತಾನೆ. ದೇವವ್ವ ಯಾರದೋ ಮನೆಯ ಭಾಂಡಿ ತಿಕ್ಕುತ್ತಾಳೆ. ತಾನು ಒಂದು ಮಾತು ಆಡದೆ ಇದ್ದಿದ್ದರೆ, ಬರೀ ಒಂದು ಮಾತು.

ಹೊತ್ತು ಇಳಿಮುಖವಾಗಿತ್ತು. ಎದುರುಮನೆಯ ಬಾಗಿಲು ಕಿರ್ರೆಂದಿತು. ದೇವವ್ವ ಹೊರಬಂದಳು. ಅವಳ ಕಣ್ಣು ಊದಿದ್ದವು, ಕೈಯಲ್ಲಿ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು. ಅಗೆದ ಮಣ್ಣಿನ ಗುಡ್ಡೆಯನ್ನು ಸುತ್ತಿಕೊಂಡು ಅವಳು ಕಟ್ಟೆಯವರೆಗೆ ಬರುವುದನ್ನು ಅನ್ನವ್ವ ನೋಡಿದಳು. ಏನು ಬೈದರೂ ಕೇಳಬೇಕೆಂದು ತಲೆ ತಗ್ಗಿಸಿ ಕಾದಳು.

ದೇವವ್ವ ಸೆರಗಿನ ಕೆಳಗಿನಿಂದ ಮುಚ್ಚಿ ತಂದ ತಾಟು ತೆಗೆದಳು. ಎರಡು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಅಂಚಿಗೆ ಒಡೆದ ಒಂದು ಉಳ್ಳಾಗಡ್ಡಿ. ಗಂಜಿಯಿಂದ ಬಿರುಸಾದ ಮಡಿಲನ್ನು ಕೈಯಿಂದ ಸವರಿ ಸಮ ಮಾಡಿ, ತಾಟನ್ನು ಅದರ ಮೇಲಿಟ್ಟು, ಅನ್ನವ್ವನ ಬಲಗೈ ಹಿಡಿದು ಅದಕ್ಕೆ ಮುಟ್ಟಿಸಿದಳು.